ಅಬ್ಬಿ ನೀರು ಕೆಂಪಾದ ವರ್ಷ

ಮೇ ತಿಂಗಳ ಕೊನೆಯ ವಾರ. ಬೆಳಗ್ಗೆ ಆರೂವರೆಗೆ ಊರಿನಿಂದ ಚಿಕ್ಕಮ್ಮನ ಫೋನು. ಆ ಹೊತ್ತಿನಲ್ಲಿ ಊರಿನ ಫೋನು ಬಂದರೆ ಯಾರೋ ತೀರಿಕೊಂಡರು ಎಂದೇ ಲೆಕ್ಕ. ಎದೆ ಧಸಕ್ಕೆಂದಿತು. ಚಿಕ್ಕಮ್ಮ ಕುಶಲ ಕೇಳಲಿಲ್ಲ, ಪೀಠಿಕೆ ಹಾಕಲಿಲ್ಲ. "ಅಬ್ಬಿ ನೀರು ಕೆಂಪಾಗಿ ಬರುತ್ತಿದೆ" ಎಂದರು.

"ರಾತ್ರಿ ಮಳೆ ಬಿದ್ದಿರಬೇಕು" ಎಂದೆ.

"ಮಳೆ ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದಲೂ ಬೀಳುತ್ತಿದೆ. ನೀರು ಕೆಂಪಾದದ್ದು ಇದೇ ಮೊದಲು."

ಬಯಲುಸೀಮೆಯವರಿಗೆ ಅಬ್ಬಿ ಎಂದರೆ ಏನೆಂದು ಸ್ವಲ್ಪ ಹೇಳಬೇಕು. ನಮ್ಮದು ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಹೊಳೆಯ ಕಣಿವೆಯ ಮೇಲಂಚಿನ ಊರು. ಹನ್ನೊಂದು ಮನೆ, ಮನೆಗಳ ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರ ಮೇಲೆ ಕಾನು ಎಂಬ ದಟ್ಟ ಕಾಡು. ಕಾನಿನ ಬುಡದಲ್ಲಿ ಒಂದು ಬಂಡೆಯ ಸೀಳಿನಿಂದ ನೀರು ಒಸರುತ್ತದೆ. ಹಿಂದೆ ಅದನ್ನು ಅಡಿಕೆ ಮರ ಸೀಳಿದ ದಂಬೆಗಳ ಮೇಲೆ ಹರಿಸಿಕೊಂಡು ಮನೆಯ ಹಿತ್ತಿಲಿಗೆ ತರುತ್ತಿದ್ದರು, ಈಗ ಕಪ್ಪು ಪೈಪು ಬಂದಿದೆ. ಪಂಪಿಲ್ಲ, ಕರೆಂಟಿಲ್ಲ, ನಲ್ಲಿಗೆ ತಿರುಪೂ ಇಲ್ಲ. ಹಗಲು ರಾತ್ರಿ ಕಲ್ಲಿನ ಮರಿಗೆಗೆ ಬೀಳುತ್ತಲೇ ಇರುತ್ತದೆ. ಊರಿನಲ್ಲಿ ಮಲಗಿದ ಮೊದಲ ರಾತ್ರಿ ನನ್ನ ಹೆಂಡತಿಗೆ ಆ ಸದ್ದಿಗೆ ನಿದ್ದೆ ಬರಲಿಲ್ಲ. ಬೆಂಗಳೂರಿಗೆ ಬಂದ ಮೊದಲ ವರ್ಷ ನನಗೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಆ ನೀರು ಕೆಂಪಾಗಿತ್ತು.

ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿರಲಿಲ್ಲ. ಅಬ್ಬಿಯ ಮೇಲುಗಡೆ ನಮ್ಮ ದಾಯಾದಿಯೊಬ್ಬನಿಗೆ ಸೇರಿದ ಎರಡು ಎಕರೆ ಹಕ್ಕಲು. ಕರಡ ಎಂಬ ಹುಲ್ಲು ಬೆಳೆಯುವ ಇಳಿಜಾರು, ಅಲ್ಲಲ್ಲಿ ನೇರಲೆ, ಕವಳೆ, ಒಂದೆರಡು ಹೊಳೆಗೇರು. ಮಕ್ಕಳಾಗಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದುದು ಅಲ್ಲಿಗೇ. ಅಲ್ಲಿ ನಿಂತರೆ ಪಶ್ಚಿಮಕ್ಕೆ ಕಣಿವೆ ಪೂರ್ತಿ ಕಾಣುತ್ತದೆ, ಮಳೆಗಾಲದಲ್ಲಿ ಮೋಡ ಕಾಲ ಕೆಳಗೆ ತೇಲುತ್ತದೆ. ನಾವು ಅದನ್ನು ನೋಡುತ್ತಿದ್ದೆವು ಅಷ್ಟೇ; ಅದಕ್ಕೆ 'ವ್ಯೂ' ಎಂಬ ಹೆಸರಿದೆ, ಆ ಹೆಸರಿಗೆ ಎಕರೆಯ ಮೇಲೆ ಬೆಲೆಯಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಹಕ್ಕಲು ಹಿಂದಿನ ವರ್ಷ ಮಾರಾಟವಾಗಿತ್ತು. ಕೊಂಡವರು ಒಂದು ದೊಡ್ಡ ನಗರದವರು, ಅಲ್ಲಿ ರೆಸಾರ್ಟ್ ಕಟ್ಟುವ ಯೋಚನೆ ಅವರದು. ಏಪ್ರಿಲ್‌ನಲ್ಲಿ ಜೆಸಿಬಿ ಬಂದು ಹನ್ನೆರಡು ದಿನ ಕೆಲಸ ಮಾಡಿ ಹೋಗಿತ್ತು.

ಸುದ್ದಿ ಕೇಳಿದ ಕೂಡಲೇ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಆ ಸಿಟ್ಟಿನ ಮೇಲೇ ನನಗೆ ಅನುಮಾನ ಹುಟ್ಟಿತು. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕುಳಿತವನು ನಾನು. ನಾನು ಕುಡಿಯುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಿನ ಬಲದಲ್ಲಿ ಮೇಲೇರಿ ಬರುತ್ತದೆ. ನನ್ನ ದೀಪ ಉರಿಯುವುದರಲ್ಲಿ ಶರಾವತಿಯ ಪಾಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದರ ಹಿನ್ನೀರಿಗೆ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದು ಬಂದವರ ಮೊಮ್ಮಕ್ಕಳು ನನ್ನ ಜೊತೆ ಕಾಲೇಜಿನಲ್ಲಿ ಓದಿದ್ದಾರೆ. ನನ್ನ ಕಟ್ಟಡದ ಮರಳು ಯಾವ ಹೊಳೆಯದೋ. ಇಷ್ಟೆಲ್ಲ ಇಟ್ಟುಕೊಂಡು ನಮ್ಮೂರಿನ ಎರಡು ಎಕರೆಗೆ ಮಾತ್ರ ಕೈ ಹಾಕಬೇಡಿ ಎನ್ನಲು ನನಗೆ ಯಾವ ಮುಖ? ಆದರೂ ಆ ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ನಮ್ಮ ಸೀಮೆಯ ಜನ ಸುಮ್ಮನೆ ಕುಳಿತವರೇನಲ್ಲ. ಇದನ್ನು ಹೇಳಲು ಸ್ವಲ್ಪ ಜಂಬವೂ ಇದೆ. ಬೇಡ್ತಿ ಹೊಳೆಗೆ ಅಡ್ಡಲಾಗಿ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಯಲ್ಲಾಪುರ, ಶಿರಸಿಯ ತೋಟಿಗರು ಬರೀ ಘೋಷಣೆ ಕೂಗಲಿಲ್ಲ, ಲೆಕ್ಕ ಕೇಳಿದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂರಿಸಿ ವಿಚಾರ ಸಂಕಿರಣ ನಡೆಸಿದರು. ಮುಳುಗುವ ಕಾಡಿಗೆ ಬೆಲೆ ಎಷ್ಟು, ತೋಟಕ್ಕೆ ಎಷ್ಟು, ಸೊಪ್ಪಿಗೆ ಎಷ್ಟು, ಬರುವ ವಿದ್ಯುತ್ತಿಗೆ ಎಷ್ಟು ಎಂದು ಪೆನ್ನು ಹಿಡಿದು ಕೂಡಿ ಕಳೆದು ನೋಡಿದರು. ಅಣೆಕಟ್ಟು ಮೇಲೇಳಲಿಲ್ಲ. ಮಾಗೋಡು ಜಲಪಾತ ಈಗಲೂ ಬೀಳುತ್ತಿದೆ. ನನ್ನ ಅಪ್ಪ ಅಂದು ಸಭೆಯ ಹಿಂದಿನ ಸಾಲಿನಲ್ಲಿ ನಿಂತು ಕೇಳಿ ಬಂದಿದ್ದರಂತೆ. ಅರ್ಧ ಮಾತು ಇಂಗ್ಲಿಷಿನಲ್ಲಿದ್ದುದರಿಂದ ಅರ್ಧವೇ ಅರ್ಥವಾಯಿತು, ಆದರೆ ನಮ್ಮ ಸೊಪ್ಪಿಗೂ ಲೆಕ್ಕ ಇದೆ ಎಂದು ಅಂದೇ ಗೊತ್ತಾದದ್ದು ಎನ್ನುತ್ತಿದ್ದರು.

ಮುಂದೆ 1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ, ಗರಗಸ ಹಿಡಿದವರೆದುರು ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ಚಳವಳಿ ಇಲ್ಲಿಗೆ ಬಂದು ಅಪ್ಪಿಕೋ ಆಯಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ಊರೂರು ಸುತ್ತಿತು. ಆ ಮೂರರಲ್ಲಿ 'ಬಳಸು' ಎಂಬುದು ನನಗೆ ಬಹಳ ಮುಖ್ಯವೆನ್ನಿಸುತ್ತದೆ. ಕಾಡನ್ನು ಬೇಲಿ ಹಾಕಿ ಪೂಜಿಸಿ ಎಂದು ಅವರು ಹೇಳಲಿಲ್ಲ. ಒಣ ಎಲೆಯ ದರಕು ಗುಡಿಸುವವರು, ಉಪ್ಪಾಗೆ ಹೆಕ್ಕುವವರು, ಮುರುಗಲು ಸಿಪ್ಪೆ ಒಣಗಿಸುವವರು ಹೇಳಿದ ಮಾತು ಅದು.

ಹೊಳೆ ಕಡಲು ಸೇರುವ ಕಡೆಯೂ ಹಾಗೆಯೇ. ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಬರುತ್ತದೆ ಎಂದಾಗ ಅಘನಾಶಿನಿಯ ಮೀನುಗಾರರು, ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು, ಗಜನಿ ಗದ್ದೆಯಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವವರು ಒಟ್ಟಾದರು. ಸ್ಥಾವರ ಬರಲಿಲ್ಲ. 2024ರಲ್ಲಿ ಅದೇ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಶಿರಸಿಯ ಶಂಕರಹೊಂಡದಿಂದ ಕಡಲವರೆಗೆ ಸುಮಾರು 120 ಕಿಲೋಮೀಟರ್ ಹರಿಯುವ ಈ ಹೊಳೆಗೆ ಈವರೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುವಾಗ ಮಾಡುವ ಸದ್ದಿಗೆ ಜನ ಅದಕ್ಕೆ ಕೆಪ್ಪಜೋಗ ಎಂದು ಹೆಸರಿಟ್ಟರು. ಜಿಲ್ಲೆಯ ಇನ್ನೊಂದು ಹೊಳೆ ಕಾಳಿಯನ್ನು ನೋಡಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಮೆಟ್ಟಿಲು ಮೆಟ್ಟಿಲಾಗಿ ನಿಂತ ನೀರು ಅದು.

ಇಂಥ ಊರುಗಳ ಜನ ನಾವು. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ಮಾತು ಮತ್ತೆ ಎದ್ದಾಗ ನಮ್ಮೂರಿನಿಂದಲೂ ಎರಡು ವ್ಯಾನು ತುಂಬ ಜನ ಪ್ರತಿಭಟನೆಗೆ ಹೋಗಿದ್ದರು. ಶರಾವತಿ ಕಣಿವೆಯ 2,000 ಮೆಗಾವ್ಯಾಟ್‌ನ ಭೂಗತ ಯೋಜನೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸುವುದು, ಮತ್ತೆ ಏರಿಸುವುದು, ಅದಕ್ಕಾಗಿ ಸಿಂಗಳೀಕಗಳ ಅಭಯಾರಣ್ಯವನ್ನು ಕೊರೆಯುವುದು, ಇವೆಲ್ಲದರ ಬಗ್ಗೆ ನಮ್ಮ ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತ ಕುಳಿತ ಎಪ್ಪತ್ತರ ಮುದುಕರು ನನಗಿಂತ ಚೆನ್ನಾಗಿ ಮಾತಾಡಬಲ್ಲರು. ಆ ಎರಡು ವ್ಯಾನುಗಳಲ್ಲಿ ಹೋದವರ ಪೈಕಿ ಹಕ್ಕಲು ಮಾರಿದ ನನ್ನ ದಾಯಾದಿಯೂ ಇದ್ದ. ಹಸಿರು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಫೋಟೋ ನನ್ನ ಮೊಬೈಲ್‌ನಲ್ಲಿದೆ. ಮಾರಾಟದ ಮುಂಗಡ ಅವನ ಕೈ ಸೇರಿ ಆಗ ತಿಂಗಳೂ ಕಳೆದಿರಲಿಲ್ಲ.

ಅವನನ್ನು ಆಷಾಢಭೂತಿ ಎನ್ನಲು ನನಗೆ ಮನಸ್ಸಿಲ್ಲ. ಎರಡೂ ಒಂದೇ ಎಂದು ಅವನಿಗೆ ಹೊಳೆದೇ ಇಲ್ಲ, ನಮಗೂ ಹೊಳೆದಿರಲಿಲ್ಲ. ಸರ್ಕಾರದ ಅಣೆಕಟ್ಟು ಬಂದರೆ ತಡೆಯುವುದು ಹೇಗೆಂದು ನಾವು ನಲವತ್ತು ವರ್ಷಗಳಲ್ಲಿ ಕಲಿತೆವು. ನಾವೇ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ಕರೆಸುವ ಜೆಸಿಬಿಯನ್ನು ತಡೆಯುವುದು ಹೇಗೆಂದು ಯಾರೂ ಕಲಿಸಲಿಲ್ಲ.

ನನ್ನನ್ನೇ ತೆಗೆದುಕೊಳ್ಳಿ. ಅಮ್ಮನಿಗೆ ಮಂಡಿ ನೋವು ಹೆಚ್ಚಾದ ವರ್ಷ, ಅಂಗಳದವರೆಗೆ ಕಾರು ಬರಲೆಂದು ಎರಡು ದಿನ ಜೆಸಿಬಿ ಹಿಡಿದು ದಾರಿ ಮಾಡಿಸಿದವನು ನಾನು. ಧರೆ, ಅಂದರೆ ಇಳಿಜಾರಿನ ಅಂಚಿನ ಮಣ್ಣಿನ ಗೋಡೆ, ಕಡಿದಾಗ ಬಂದ ಮಣ್ಣನ್ನು ಎಲ್ಲಿ ಹಾಕಲಿ ಎಂದು ಚಾಲಕ ಕೇಳಿದ. "ಆಚೆ ತಳ್ಳು" ಎಂದೆ. ಆಚೆ ಎಂದರೆ ಹಳ್ಳ. ಆ ಹಳ್ಳದಲ್ಲಿ ರಾಮಪತ್ರೆ ಮರಗಳ ಕೆಳಗೆ ಸೊಂಟ ಮಟ್ಟದ ಒಂದು ಗುಂಡಿ ಇತ್ತು. ಮರಗಳ ಉಸಿರುಬೇರುಗಳು ಮಡಚಿದ ಮಂಡಿಯಂತೆ ಕೆಸರಿನಿಂದ ಮೇಲೆದ್ದು ನಿಲ್ಲುತ್ತಿದ್ದವು. ಅವುಗಳ ಮೇಲೆ ಕುಳಿತು ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಹೆಬ್ಬೆರಳು ಕಚ್ಚುತ್ತಿದ್ದವು. ಬೇಸಿಗೆ ರಜೆಯ ಮಧ್ಯಾಹ್ನಗಳೆಲ್ಲ ಕಳೆದದ್ದು ಅಲ್ಲೇ. ನಾನು ತಳ್ಳಿಸಿದ ಮಣ್ಣು ಎರಡು ಮಳೆಗಾಲಗಳಲ್ಲಿ ಇಳಿದು ಆ ಗುಂಡಿಯನ್ನು ತುಂಬಿತು. ಈಗ ಅಲ್ಲಿ ಕಾಲಿಟ್ಟರೆ ಹಿಮ್ಮಡಿಯೂ ನೆನೆಯುವುದಿಲ್ಲ. ಎರಡು ಮರಗಳು ತುದಿಯಿಂದ ಒಣಗುತ್ತ ಬಂದಿವೆ. ಬುಡಕ್ಕೆ ಮಣ್ಣು ಮುಚ್ಚಿದರೆ ಆ ಬೇರುಗಳಿಗೆ ಉಸಿರಾಡಲು ಆಗುವುದಿಲ್ಲ ಎಂದು ನಾನು ಓದಿಕೊಂಡದ್ದು ಆಮೇಲೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜೌಗುಗಳನ್ನು ನೋಡಲು ದೂರದೂರದಿಂದ ಸಸ್ಯವಿಜ್ಞಾನಿಗಳು ಬರುತ್ತಾರೆ. ನಮ್ಮ ಹಿತ್ತಿಲಿನ ಹಳ್ಳದಲ್ಲಿದ್ದುದೂ ಅದೇ ಜಾತಿಯ ಜಾಗದ ಒಂದು ಚೂರು ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅಮ್ಮನೂ ಇರಲಿಲ್ಲ, ಗುಂಡಿಯೂ ಇರಲಿಲ್ಲ, ದಾರಿ ಮಾತ್ರ ಇತ್ತು.

ಅಡಿಕೆಯ ಮಾತನ್ನೂ ಆಡಿಬಿಡುತ್ತೇನೆ, ಊರಿನವರು ಬೇಸರ ಮಾಡಿಕೊಂಡರೂ ಸರಿ. ದರ ಏರಿದ ಮೇಲೆ ಗದ್ದೆಗಳೆಲ್ಲ ತೋಟವಾದವು. ಈಗ ಬೆಟ್ಟದ ಸರದಿ. ಸೊಪ್ಪಿನ ಬೆಟ್ಟ ನಮ್ಮ ಸ್ವಂತದ್ದಲ್ಲ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂದು ಘಟ್ಟದ ಮೇಲೆ ಬ್ರಿಟಿಷರ ಕಾಲದಿಂದ ನಡೆದು ಬಂದ ಸವಲತ್ತು ಅದು. ನೆಲ ಅರಣ್ಯದ್ದು, ಸೊಪ್ಪು, ದರಕು ನಮ್ಮದು. ಮರ ಬೆಳೆಸಬೇಕು, ಸೊಪ್ಪು ತರಬೇಕು, ನೆಲ ಅಗೆಯಬಾರದು. ಅಜ್ಜ ಬೆಟ್ಟಕ್ಕೆ ಹೋಗುವಾಗ ಚಪ್ಪಲಿ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಭಕ್ತಿ ಎಂದುಕೊಂಡಿದ್ದೆ. ಜಾರುತ್ತದೆ ಎಂದು, ಅಷ್ಟೇ. ಈಗ ಅದೇ ಬೆಟ್ಟದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತೋಟಕ್ಕೆ ಹಾಕುತ್ತೇವೆ, ತಗ್ಗು ತುಂಬಿಸುತ್ತೇವೆ, ಬೆಟ್ಟದ ಅಂಚಿನಲ್ಲಿ ಸದ್ದಿಲ್ಲದೆ ನಾಲ್ಕು ಸಾಲು ಅಡಿಕೆ ಸಸಿ ನೆಡುತ್ತೇವೆ. ಎಲೆಚುಕ್ಕಿ ರೋಗ ಬಂದು ತೋಟ ಸುಟ್ಟಂತಾದಾಗ ಗಾಳಿ ಮಳೆಯನ್ನು ಬೈಯುತ್ತೇವೆ. ರೆಸಾರ್ಟಿನವನು ಒಂದೇ ಸಲಕ್ಕೆ ಕಡಿದದ್ದು ಕಣ್ಣಿಗೆ ಬಿತ್ತು. ನಾವು ವರ್ಷಕ್ಕೆ ಒಂದು ಮಾರು ಕಡಿಯುವುದು ಕೃಷಿ ಎನಿಸಿಕೊಂಡಿತು.

ಆ ಶನಿವಾರ ಬೆಳಗ್ಗೆ ಚಿಕ್ಕಮ್ಮ, ಪಕ್ಕದ ಮನೆಯ ಹುಡುಗ ಮತ್ತು ನಾನು ಹಕ್ಕಲು ಹತ್ತಿದೆವು. ಕಾಡಿನ ಜಿಗಣೆ ಉಂಬಳ ಇನ್ನೂ ಎದ್ದಿರಲಿಲ್ಲ, ಎರಡೇ ಮಳೆ ಆಗಿತ್ತು. ಕರಡದ ಇಳಿಜಾರು ಇದ್ದ ಕಡೆ ಈಗ ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಎರಡಾಳೆತ್ತರದ ನೇರ ಧರೆ. ಹಸಿ ಧರೆಯ ಮುಂದೆ ನಿಂತರೆ ಭೂಮಿಯ ಒಳಗು ಓದಲು ಬರುತ್ತದೆ. ಮೇಲೆ ಗೇಣುದ್ದ ಕಪ್ಪು ಮಣ್ಣು, ಬೇರುಗಳ ಜಾಲ. ಅದರ ಕೆಳಗೆ ತೂತುತೂತಾದ ಜಂಬಿಟ್ಟಿಗೆ. ಅದು ಮಳೆಯ ನೀರನ್ನು ಸ್ಪಂಜಿನಂತೆ ಹೀರಿ ಕೆಳಗೆ ಕಳಿಸುತ್ತದೆ. ಅದಕ್ಕೂ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಶೇಡಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಿನಿಂದ ಇಳಿದ ನೀರು ಅದರ ಬೆನ್ನ ಮೇಲೆ ಜಾರಿಕೊಂಡು ಹೋಗಿ ಎಲ್ಲಿ ಬಂಡೆಯ ಸೀಳು ಸಿಗುತ್ತದೆಯೋ ಅಲ್ಲಿ ಅಬ್ಬಿಯಾಗುತ್ತದೆ. ನಮ್ಮ ಮನೆಯ ಮರಿಗೆಗೆ ಬೀಳುವ ನೀರಿನ ದಾರಿ ಅದು, ಅದನ್ನು ಅಡ್ಡಕ್ಕೆ ಸೀಳಿ ಇಟ್ಟಿದ್ದರು. ಮೂರನೇ ಮೆಟ್ಟಿಲಿನ ಧರೆಯಲ್ಲಿ, ಶೇಡಿ ಶುರುವಾಗುವ ಗೆರೆಯುದ್ದಕ್ಕೂ ನೀರು ಜಿನುಗುತ್ತಿತ್ತು. ಹುಡುಗ ಬೆರಳಿಟ್ಟು ಒತ್ತಿದ, ಒಂದು ಹಿಡಿ ಮಣ್ಣು ಬೆಣ್ಣೆಯಂತೆ ಕಳಚಿ ಅವನ ಕಾಲ ಮೇಲೆ ಬಿತ್ತು.

ಮೂವರೂ ಮಾತಾಡಲಿಲ್ಲ. ಮೂವರ ತಲೆಯಲ್ಲೂ ಒಂದೇ ಇತ್ತು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ರಸ್ತೆ, ಮನೆಗಳನ್ನು ಹೊತ್ತುಕೊಂಡು ಗುಡ್ಡ ಇಳಿದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಜಾರಿ, ರಸ್ತೆ ಬದಿಯ ಹೋಟೆಲ್, ನಿಂತಿದ್ದ ಲಾರಿ, ಮನುಷ್ಯರು ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ಕೇರಳದ ಒಂದು ಲಾರಿಯನ್ನೂ ಅದರ ಚಾಲಕನ ಶವವನ್ನೂ ಹೊಳೆಯಿಂದ ಮೇಲೆತ್ತಿದಾಗ ಸೆಪ್ಟೆಂಬರ್ ಬಂದಿತ್ತು. ಗಂಗಾವಳಿ ಎಂದರೆ ಬೇರೆ ಯಾವುದೂ ಅಲ್ಲ, ಘಟ್ಟ ಇಳಿದ ಬೇಡ್ತಿಯೇ.

ನಮ್ಮ ಧರೆಯ ಕೆಳಗೆ ಇರುವುದು ಅಬ್ಬಿ. ಅಬ್ಬಿಯ ಕೆಳಗೆ ನಾಲ್ಕು ಮನೆ.

ಇಂಥ ಕಡೆ ಹೊರಗಿನವರು ಜಮೀನು ಕೊಂಡದ್ದಾದರೂ ಹೇಗೆ ಎಂದು ಕೇಳಬಹುದು. 2020ಕ್ಕೆ ಮೊದಲು ಅದು ಅಷ್ಟು ಸಲೀಸಿರಲಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರಿಗೆ, ಕೃಷಿಯೇತರ ಆದಾಯ ಹೆಚ್ಚಿರುವವರಿಗೆ ಅಡ್ಡ ನಿಲ್ಲುತ್ತಿದ್ದವು. ಸುಳ್ಳು ಪ್ರಮಾಣಪತ್ರದ ದಾರಿಗಳು ಆಗಲೂ ಇದ್ದವು, ಆದರೆ ಬಾಗಿಲಿಗೆ ಚಿಲಕವಾದರೂ ಇತ್ತು. ಆ ವರ್ಷದ ತಿದ್ದುಪಡಿ ಚಿಲಕವನ್ನೇ ಕಿತ್ತಿತು. ಆಗ ನಮ್ಮೂರಿನಲ್ಲಿ ಬೇಸರಪಟ್ಟವರು ಯಾರೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಜಮೀನಿಗೆ ಬೆಲೆ ಬರುತ್ತದೆ ಎಂದು ಒಳಗೊಳಗೇ ಎಲ್ಲರೂ ಖುಷಿಪಟ್ಟರು. ಮಕ್ಕಳೆಲ್ಲ ಬೆಂಗಳೂರು, ಪುಣೆ, ಡಾಲಸ್ ಸೇರಿದ ಮನೆಗಳಲ್ಲಿ ಇನ್ನೇನು ಆಗುತ್ತದೆ? ನನ್ನ ದಾಯಾದಿಗೆ ಎರಡು ಹೆಣ್ಣುಮಕ್ಕಳು, ಇಬ್ಬರೂ ಹೊರಗೆ. ಅಡಿಕೆ ಕೊನೆ ಕೊಯ್ಯಲು ಆಳಿಲ್ಲ, ಹೆಂಡತಿಯ ಆಪರೇಷನ್ನಿನ ಸಾಲ ತೀರಿಲ್ಲ. "ಆ ಹಕ್ಕಲಿನಿಂದ ನನಗೆ ವರ್ಷಕ್ಕೆ ಎರಡು ಹೊರೆ ಕರಡ ಬರುತ್ತಿತ್ತು. ದನ ಮಾರಿ ಆರು ವರ್ಷವಾಯಿತು. ಕರಡ ಯಾರು ತಿನ್ನಬೇಕು, ನಾನೇ?" ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ.

ಪಶ್ಚಿಮ ಘಟ್ಟದ ವರದಿಗಳ ಕಥೆಯೂ ಇಂಥದ್ದೇ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಎಲ್ಲಿ ಏನು ಬೇಕು, ಏನು ಬೇಡ ಎಂಬುದನ್ನು ಗ್ರಾಮಸಭೆಗಳೂ ಕೂತು ನಿರ್ಧರಿಸಲಿ ಎಂಬುದು ಅದರ ಜೀವಾಳ. ಆ ಜೀವಾಳ ಯಾವ ಗ್ರಾಮಸಭೆಯನ್ನೂ ತಲುಪಲಿಲ್ಲ. ನಮ್ಮೂರಿಗೆ ತಲುಪಿದ್ದು ಸುದ್ದಿ ಮಾತ್ರ: ದನ ಸಾಕುವಂತಿಲ್ಲವಂತೆ, ಹಂಚು ಬದಲಿಸುವಂತಿಲ್ಲವಂತೆ, ಒಕ್ಕಲೆಬ್ಬಿಸುತ್ತಾರಂತೆ. ಆಮೇಲೆ ಕಸ್ತೂರಿರಂಗನ್ ವರದಿ ಬಂತು, ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು. 2024ರ ಜುಲೈ ಕೊನೆಯಲ್ಲಿ ಬಂದದ್ದು ಆರನೆಯದು, ಕರ್ನಾಟಕದಲ್ಲಿಯೇ 20,668 ಚದರ ಕಿಲೋಮೀಟರ್ ಪರಿಸರಸೂಕ್ಷ್ಮ ಪ್ರದೇಶ ಎಂದು ಅದು ಗುರುತಿಸಿತು. ರಾಜ್ಯ ಸರ್ಕಾರಕ್ಕೆ ಬೇಡ, ಪಕ್ಷಗಳಿಗೆ ಬೇಡ, ಊರಿಗೂ ಬೇಡ. ಬೇಡ ಎನ್ನುವ ಮನವಿಗೆ ಒಂದು ದೀಪಾವಳಿ ರಜೆಯಲ್ಲಿ ನಾನೂ ಸಹಿ ಹಾಕಿದ್ದೇನೆ, ಒಂದು ಪುಟವನ್ನೂ ಓದದೆ.

ಸೋಮವಾರ ನಾವು ಆರು ಜನ ಕಾಗದಪತ್ರ ಹುಡುಕಲು ಹೊರಟೆವು. ಒಂದು ಕಚೇರಿಯಲ್ಲಿ ಊಟಕ್ಕೆ ಹೋದವರು ಸಂಜೆಯವರೆಗೂ ಊಟ ಮಾಡಿದರು, ಇನ್ನೊಂದರಲ್ಲಿ ಕಡತವೇ ಇಲ್ಲ ಎಂದರು. ಆ ಪುರಾಣ ಬಿಡುತ್ತೇನೆ, ಓದುವವರಿಗೆಲ್ಲ ಅದು ಗೊತ್ತೇ ಇದೆ. ಮೂರನೇ ದಿನ ಭೂಪರಿವರ್ತನೆಯ ಆದೇಶದ ನಕಲು ಸಿಕ್ಕಿತು. ಅದರಲ್ಲಿ ಬರೆದದ್ದು 'ವಸತಿ ಉದ್ದೇಶಕ್ಕಾಗಿ', ಅದೂ ಎರಡು ಎಕರೆಯ ಪೈಕಿ ಹತ್ತು ಗುಂಟೆಗೆ ಮಾತ್ರ. ಐದು ಕಾಟೇಜು, ಊಟದ ಮನೆ, ಈಜುಕೊಳ ವಸತಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಲು ವಕೀಲರು ಬೇಕಿರಲಿಲ್ಲ. ಪಂಚಾಯಿತಿಯಿಂದ ಕಟ್ಟಡದ ಪರವಾನಗಿ ಇನ್ನೂ ಪಡೆದಿರಲಿಲ್ಲ. ನಮ್ಮ ಕೈಗೆ ಸಿಕ್ಕ ಹಿಡಿ ಅದೊಂದೇ. ಬಾಯಲ್ಲಿ ಪರಿಸರ, ಜೀವವೈವಿಧ್ಯ ಎಂದೆಲ್ಲ ಮಾತಾಡಿದೆವು, ಕೆಲಸಕ್ಕೆ ಬಂದದ್ದು ಹತ್ತು ಗುಂಟೆ.

ಇಲ್ಲೊಂದು ಮಾತು ನಡುವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಹಳ್ಳ, ಜಲಮೂಲಗಳ ದಾಖಲಾತಿ ಇರಬೇಕು. ನಮ್ಮಲ್ಲೂ ಇದೆ. ದಾಖಲಾತಿಯನ್ನು ತೆಗೆಸಿ ನೋಡಿದೆವು. ಅಬ್ಬಿ ಅದರಲ್ಲಿ ಇರಲಿಲ್ಲ. ಬೇರೆ ಊರಿನ ಹೆಸರಿನ ಎರಡು ಪುಟ ಇದ್ದವು. ಯಾರನ್ನು ದೂರಲಿ? ಸಮಿತಿಯ ಸದಸ್ಯರ ಪಟ್ಟಿಯಲ್ಲಿ ನನ್ನ ಚಿಕ್ಕಪ್ಪನ ಹೆಸರಿತ್ತು, ಅವರಿಗೆ ಅದು ಅಂದೇ ಗೊತ್ತಾದದ್ದು.

ಪಂಚಾಯಿತಿ ಸಭೆಗೆ ಜಮೀನು ಕೊಂಡವರೇ ಬಂದಿದ್ದರು. ಖಳನಾಯಕನನ್ನು ನಿರೀಕ್ಷಿಸಿದ್ದ ನಮಗೆ ನಿರಾಸೆಯೇ ಆಯಿತು. ಐವತ್ತರ ಆಸುಪಾಸಿನ ಸೌಮ್ಯ ಮನುಷ್ಯ, ಖಾದಿ ಅಂಗಿ, ಒಳ್ಳೆಯ ಕನ್ನಡ. "ನನಗೂ ಪ್ರಕೃತಿ ಎಂದರೆ ಪ್ರಾಣ. ಅದಕ್ಕಾಗಿಯೇ ಇಲ್ಲಿಗೆ ಬಂದದ್ದು" ಎಂದರು. ಸುಳ್ಳು ಹೇಳುತ್ತಿದ್ದಾರೆ ಎನ್ನಿಸಲಿಲ್ಲ. ಊರಿನ ಹತ್ತು ಜನರಿಗೆ ಕೆಲಸ ಕೊಡುತ್ತೇನೆ, ಪ್ಲಾಸ್ಟಿಕ್ ಬಳಸುವುದಿಲ್ಲ, ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯನ್ನೇ ಅತಿಥಿಗಳಿಗೆ ಬಡಿಸುತ್ತೇನೆ ಎಂದರು. ಮೊಬೈಲ್‌ನಲ್ಲಿ ನಕ್ಷೆ ತೋರಿಸಿದರು. ಕಣಿವೆಯ ಅಂಚಿಗೆ ಅಂಟಿದಂತೆ ನೀಲಿ ಬಣ್ಣದ ಈಜುಕೊಳ. ಅದರಲ್ಲಿ ನಿಂತವರಿಗೆ ನೀರೇ ಮೋಡಕ್ಕೆ ಸೇರಿದಂತೆ ಕಾಣುತ್ತದಂತೆ. ಚೆಂದವಾಗಿಯೇ ಇತ್ತು. ಸಭೆ ಸ್ವಲ್ಪ ಮೆತ್ತಗಾಯಿತು. ಕೆಲಸದ ಮಾತು ಕೇಳಿ ಇಬ್ಬರು ಹುಡುಗರು ಎದ್ದು ನಿಂತು, ಇವರು ಹೇಳುವುದರಲ್ಲಿ ತಪ್ಪೇನಿದೆ ಎಂದು ಕೇಳಿದರು. ಅವರು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಹಳ್ಳಿಯಲ್ಲಿ ಉಳಿದವರಿಗೆ ಕೆಲಸ ಬೇಕು, ಊರು ಬಿಟ್ಟವರಿಗೆ ನೆನಪು ಬೇಕು. ಅಲ್ಲಿ ನೆನಪಿನ ಪಕ್ಷಕ್ಕೆ ನಾನೊಬ್ಬನೇ ವಕೀಲನಾಗಿ ಕುಳಿತಂತಿತ್ತು.

ಆಗ ಚಿಕ್ಕಮ್ಮ ಫೋಟೋ ನೋಡಲು ಕನ್ನಡಕ ಹಾಕಿಕೊಂಡರು. ತುಂಬ ಹೊತ್ತು ನೋಡಿದರು. "ಈ ಕೊಳಕ್ಕೆ ನೀರು ಎಲ್ಲಿಂದ?" ಎಂದು ಕೇಳಿದರು.

"ಕೊಳವೆಬಾವಿ ಕೊರೆಸುತ್ತೇವಮ್ಮ."

"ಎಲ್ಲಿ?"

"ಅಲ್ಲೇ, ಜಮೀನಿನಲ್ಲೇ."

"ಎಷ್ಟು ಅಡಿ?"

"ನೀರು ಸಿಗುವವರೆಗೆ."

"ಸಿಗುವುದು ನಮ್ಮ ಅಬ್ಬಿಯದೇ ನೀರು" ಎಂದರು ಚಿಕ್ಕಮ್ಮ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ವಾಪಸು ಕೊಟ್ಟರು. ಕೆಲಸ ಬೇಕೆಂದ ಹುಡುಗರಲ್ಲಿ ಒಬ್ಬನ ಮನೆ ಅಬ್ಬಿಯ ಕೆಳಗಿನ ನಾಲ್ಕರಲ್ಲಿ ಎರಡನೆಯದು. ಅವನು ಕುಳಿತುಕೊಂಡ.

ಸಭೆಯ ನಡಾವಳಿಯಲ್ಲಿ ಬರೆಸಿದ್ದು ಇಷ್ಟು: ಪರಿವರ್ತನೆಯ ಆದೇಶ ಮೀರಿ ಯಾವ ಕೆಲಸವೂ ನಡೆಯಬಾರದು, ಧರೆಗೆ ಭದ್ರತೆ ಮಾಡುವವರೆಗೆ ಪರವಾನಗಿ ಇಲ್ಲ, ಅಬ್ಬಿಯನ್ನು ಜಲಮೂಲವೆಂದು ದಾಖಲಾತಿಗೆ ಸೇರಿಸಬೇಕು. ಗೆದ್ದೆವು ಎಂದು ಯಾರೂ ಹೇಳಲಿಲ್ಲ. ಆ ಮನುಷ್ಯ ಮೇಲಿನ ಕಚೇರಿಗೆ ಹೋಗಬಹುದು, ಹೋಗುತ್ತಾರೆ. ಇನ್ನೂ ಬೇಸರದ ಸಂಗತಿ ಎಂದರೆ, ಇವರು ಈಗ ಬಿಟ್ಟು ಹೋದರೂ ಆ ಮೂರು ಧರೆಗಳು ನಮ್ಮ ತಲೆಯ ಮೇಲೇ ಉಳಿಯುತ್ತವೆ. ಕಡಿಯಲು ಹನ್ನೆರಡು ದಿನ ಸಾಕು, ಕಡಿದದ್ದನ್ನು ಮೊದಲಿನಂತೆ ಮಾಡಲು ದಾರಿಯೇ ಇಲ್ಲ. ಜೂನ್ ಮೊದಲ ವಾರ ಊರಿನವರೆಲ್ಲ ಸೇರಿ ಮೇಲಿನಿಂದ ಬರುವ ಮಳೆನೀರು ಧರೆಗೆ ಇಳಿಯದಂತೆ ಬದಿಗೆ ಒಂದು ಅಗಳ ತೋಡಿದರು, ಧರೆಯ ಮೈಮೇಲೆ ಲಾವಂಚದ ಬುಡಗಳನ್ನು ನೆಟ್ಟರು. ನಾನು ಬೆಂಗಳೂರಿನಿಂದ ದುಡ್ಡು ಕಳಿಸಿದೆ. ಗುದ್ದಲಿ ಹಿಡಿದವರಲ್ಲಿ ಮಾರಿದ ದಾಯಾದಿಯೂ ಇದ್ದ. ಅವನನ್ನು ಬಾ ಎಂದು ಯಾರೂ ಕರೆದಿರಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮಧ್ಯಾಹ್ನದ ಮಜ್ಜಿಗೆಯನ್ನು ಅವನ ಮನೆಯಿಂದಲೇ ತರಿಸಿದನಂತೆ.

ಈ ಮಳೆಗಾಲ ಎರಡನೇ ಧರೆಯ ಒಂದು ಮೂಲೆ ಕುಸಿಯಿತು, ಕೆಳಗೆ ಬರಲಿಲ್ಲ. ಲಾವಂಚ ಅರ್ಧ ಹಿಡಿದಿದೆ. ಮಳೆ ಜೋರಾದ ರಾತ್ರಿಗಳಲ್ಲಿ ಅಬ್ಬಿಯ ಕೆಳಗಿನ ನಾಲ್ಕೂ ಮನೆಯವರು ಮೇಲಿನ ಮನೆಗಳಿಗೆ ಬಂದು ಮಲಗಿದರು. ನೀರು ಈಗ ಕೆಂಪಿಲ್ಲ, ಆದರೆ ಮೊದಲಿನಂತೆಯೂ ಇಲ್ಲ. ಚಿಕ್ಕಮ್ಮ ತಾಮ್ರದ ಹಂಡೆಯಲ್ಲಿ ತುಂಬಿಸಿಟ್ಟು, ಬೆಳಗ್ಗೆ ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿಕೊಳ್ಳುತ್ತಾರೆ. ತಳದಲ್ಲಿ ಉಳಿದ ಸಣ್ಣ ಕೆಸರನ್ನು ಬೆರಳಿನಿಂದ ಬಳಿದು ತುಳಸಿಕಟ್ಟೆಯ ಬುಡಕ್ಕೆ ಹಾಕುತ್ತಾರೆ. ದಿನವೂ ಒಂದು ಚಮಚದಷ್ಟು ಇರುತ್ತದಂತೆ.

ಕಳೆದ ವಾರ ನನಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಜಮೀನು ಕೊಡಿಸುವವರು. ನಮ್ಮ ಮನೆಯ ಹಿಂದಿನ ಹಕ್ಕಲಿನ ಸರ್ವೆ ನಂಬರು, ವಿಸ್ತೀರ್ಣ, ಖಾತೆಯಲ್ಲಿರುವ ನನ್ನ ಪೂರ್ತಿ ಹೆಸರು ಅವರಿಗೆ ಬಾಯಿಪಾಠ. ಒಂದು ಮೊತ್ತ ಹೇಳಿದರು. ನಾನು ಅಷ್ಟನ್ನು ಉಳಿಸಲು ಇನ್ನೂ ಹದಿನಾಲ್ಕು ವರ್ಷ ಕೆಲಸ ಮಾಡಬೇಕು. ಮಾರುವ ಯೋಚನೆ ಇಲ್ಲ ಎಂದೆ. ಸ್ವರ ಸ್ವಲ್ಪ ತಡವಾಗಿ ಹೊರಟಿತೇನೋ, ಅವರು ಅದನ್ನು ಗಮನಿಸಿರಬೇಕು.

"ಅವಸರವಿಲ್ಲ ಸರ್" ಎಂದರು. "ಮಳೆಗಾಲ ಮುಗಿಯಲಿ, ಮತ್ತೆ ಮಾಡುತ್ತೇನೆ."

ಆ ನಂಬರನ್ನು ನಾನಿನ್ನೂ ಅಳಿಸಿಲ್ಲ.